ಕತ್ತರಿಸಿದ ಕಬ್ಬಿಣಕ್ಕೆ ಮತ್ತೊಂದು ರೂಪ

ಅಕ್ಕನಿಗೆ ಹೊಲಿಸಿದ ಲಂಗವನ್ನು ತಂಗಿಗೆ ಹೊಂದಿಸುವುದು ಎಲ್ಲರ ಮನೆಯಲ್ಲೂ ಕಂಡ ಸಂಗತಿ. ಹೊಲಿಗೆ ಬಿಚ್ಚಿ, ಸುತ್ತಳತೆ ಕಡಿಮೆ ಮಾಡಿ, ಅಂಚು ಮಡಿಚಿದರೆ ಕೆಲಸ ಮುಗಿಯಿತು. ಆದರೆ ಮೊದಲ ದರ್ಜಿ ಬಟ್ಟೆಯನ್ನೇ ಗಿಡ್ಡವಾಗಿ ಕತ್ತರಿಸಿಬಿಟ್ಟಿದ್ದರೆ ಎರಡನೆಯ ದರ್ಜಿ ಎಷ್ಟೇ ಜಾಣನಾದರೂ ಕೈಚೆಲ್ಲಬೇಕಾಗುತ್ತದೆ.

ಮೋಟಾರ್ ಸೈಕಲ್‌ಗಳ ಲೋಕದಲ್ಲೂ ಇಂಥದೇ ಒಂದು ಕಸುಬು ಇದೆ. ಯಾರೋ ಒಬ್ಬರು ತಮ್ಮ ಇಷ್ಟದಂತೆ ಕತ್ತರಿಸಿ, ಬೆಸುಗೆ ಹಾಕಿಸಿ, ಬಣ್ಣ ಬಳಿಸಿ, ಕೆಲವು ವರ್ಷ ಓಡಿಸಿ ಮಾರಿದ ಬೈಕನ್ನು ಇನ್ನೊಬ್ಬರು ಕೊಳ್ಳುತ್ತಾರೆ. ಕೊಂಡವರಿಗೆ ಆ ರೂಪ ಹಿಡಿಸುವುದಿಲ್ಲ. ಉದ್ದ ಫೋರ್ಕಿನ ಚಾಪರ್ ಅವರಿಗೆ ಗಿಡ್ಡ ಬಾಬರ್ ಆಗಬೇಕು, ಇಲ್ಲವೇ ಬಾಗಿ ಕುಳಿತು ಓಡಿಸುವ ಕೆಫೆ ರೇಸರ್ ಆಗಬೇಕು. ನೋಡುವವರಿಗೆ ಇದು ಹ್ಯಾಂಡಲ್, ಸೀಟು, ಟ್ಯಾಂಕು ಬದಲಿಸುವ ಕೆಲಸ. ಮಾಡುವವರಿಗೆ ಮಾತ್ರ ಇದು ಮೊದಲ ಮಾಲೀಕ ಏನನ್ನು ಬಿಚ್ಚಿದ್ದ, ಏನನ್ನು ಕತ್ತರಿಸಿದ್ದ ಎಂಬುದನ್ನು ಪತ್ತೆ ಹಚ್ಚುವ ಕೆಲಸ. ಬಿಚ್ಚಿದ್ದನ್ನು ಮತ್ತೆ ಜೋಡಿಸಬಹುದು. ಕತ್ತರಿಸಿದ್ದು ಹಾಗಲ್ಲ. ಈ ವ್ಯತ್ಯಾಸ ತಿಳಿಯದೆ ಮಾಡಿದ ಬೈಕು ನಿಂತಾಗ ಚೆಂದ ಕಾಣುತ್ತದೆ, ಓಡುವಾಗ ಜೀವಕ್ಕೆ ಎರವಾಗುತ್ತದೆ.

ಇದು ಹೇಗೆಂದು ತಿಳಿಯಲು ಈ ಶೈಲಿಗಳು ಎಲ್ಲಿಂದ ಬಂದವು ಎಂಬುದನ್ನು ನೋಡಬೇಕು. ಒಂದೂ ಕೇವಲ ಅಲಂಕಾರವಾಗಿ ಹುಟ್ಟಿದ್ದಲ್ಲ.

ಭಾರ ಇಳಿಸಿದವರು

ಮೊದಲು ಬಂದದ್ದು ಬಾಬರ್. ಕುದುರೆಯ ಬಾಲವನ್ನು ಗಿಡ್ಡವಾಗಿ ಕತ್ತರಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಬಾಬ್’ ಎನ್ನುತ್ತಾರೆ. 1930ರ ದಶಕದಲ್ಲಿ ಅಮೆರಿಕದ ಮಣ್ಣಿನ ಟ್ರ್ಯಾಕುಗಳಲ್ಲಿ ಸಾಮಾನ್ಯ ರಸ್ತೆ ಬೈಕುಗಳ ಪಂದ್ಯಗಳು ಜನಪ್ರಿಯವಾದವು. ಭಾರೀ ಬೈಕನ್ನು ವೇಗವಾಗಿ ಓಡಿಸಲು ಸುಲಭದ ದಾರಿಯೆಂದರೆ ಭಾರ ಇಳಿಸುವುದು. ಮುಂದಿನ ಮಡ್‌ಗಾರ್ಡ್ ಬಿಚ್ಚಿ ಇಡುತ್ತಿದ್ದರು, ಹಿಂದಿನದನ್ನು ಅರ್ಧಕ್ಕೆ ಕತ್ತರಿಸುತ್ತಿದ್ದರು. ಹಿಂಬದಿಯ ಸೀಟು, ಪೆಟ್ಟಿಗೆ, ಅಲಂಕಾರದ ಪಟ್ಟಿಗಳು ಎಲ್ಲವೂ ಹೊರಗೆ.

ಎರಡನೆಯ ಮಹಾಯುದ್ಧ ಈ ಅಭ್ಯಾಸವನ್ನು ಊರೂರಿಗೆ ಹರಡಿತು. ಹಾರ್ಲೆ ಡೇವಿಡ್ಸನ್ ಕಂಪನಿ ಯುದ್ಧಕಾಲದಲ್ಲಿ ಡಬ್ಲ್ಯೂಎಲ್‌ಎ ಎಂಬ 750 ಸಿ.ಸಿ.ಯ ಸೇನಾ ಬೈಕು ಮತ್ತು ಅದರ ಸೋದರ ಮಾದರಿಗಳನ್ನು ಸುಮಾರು 90 ಸಾವಿರದಷ್ಟು ತಯಾರಿಸಿತ್ತು. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದವು ಅಗ್ಗದ ದರಕ್ಕೆ ಮಾರುಕಟ್ಟೆಗೆ ಬಂದವು. ಸೇನೆಯಿಂದ ಮರಳಿದ ತರುಣರು ಕೊಂಡು, ಬೇಡದ್ದನ್ನೆಲ್ಲ ಕಳಚಿದರು. ಇಲ್ಲಿ ಗಮನಿಸಬೇಕಾದ ಒಂದು ವಿಷಯ: ಬಾಬರ್ ಮಾಡಿದವರು ಚಾಸಿಯನ್ನು ಮುಟ್ಟಲಿಲ್ಲ. ಬೈಕಿನ ಮೂಳೆಗೂಡು ಕಾರ್ಖಾನೆಯಿಂದ ಬಂದಂತೆಯೇ ಉಳಿಯಿತು.

ಬಾಬರ್‌ಗೆ ಹಿಂದೆ ಶಾಕ್ ಅಬ್ಸಾರ್ಬರ್ ಇರುವುದಿಲ್ಲ, ಅದೇ ಅದರ ಲಕ್ಷಣ ಎಂದು ಅನೇಕರು ತಿಳಿದಿದ್ದಾರೆ. ನಿಜ ಸಂಗತಿ ಬೇರೆ. ಹಾರ್ಲೆಯ ದೊಡ್ಡ ಬೈಕುಗಳಿಗೆ ಹಿಂಬದಿಯ ಶಾಕ್ ಬಂದದ್ದೇ 1958ರ ಡ್ಯುಯೊ ಗ್ಲೈಡ್ ಮಾದರಿಯಲ್ಲಿ. ಅದಕ್ಕೆ ಮೊದಲಿನವುಗಳಲ್ಲಿ ಹಿಂದಿನ ಚಕ್ರ ನೇರವಾಗಿ ಚಾಸಿಗೇ ಜೋಡಣೆಯಾಗಿತ್ತು, ಸೀಟಿನ ಕೆಳಗಿನ ಸ್ಪ್ರಿಂಗೇ ಗತಿ. ಇಲ್ಲದ್ದನ್ನು ಯಾರೂ ಕತ್ತರಿಸಿ ತೆಗೆದಿರಲಿಲ್ಲ. ಆ ಕಾಲದ ಕೊರತೆ ಮುಂದಿನ ಕಾಲಕ್ಕೆ ಫ್ಯಾಷನ್ ಆಯಿತು. ಶಾಕ್ ಇರುವ ಬೈಕುಗಳ ಹಿಂಭಾಗವನ್ನು ಕತ್ತರಿಸಿ, ಗಟ್ಟಿ ತ್ರಿಕೋನ ಬೆಸೆದು ಹಳೆಯದರಂತೆ ಕಾಣಿಸುವ ಪದ್ಧತಿ ಶುರುವಾಯಿತು.

ಚಾಸಿಗೆ ಕೈ ಹಾಕಿದವರು

ಚಾಪರ್ ಬಂದದ್ದು ಆಮೇಲೆ. 1960ರ ದಶಕದ ಕ್ಯಾಲಿಫೋರ್ನಿಯಾದಲ್ಲಿ ಬೈಕುಗಳ ಫೋರ್ಕು ಉದ್ದವಾಗತೊಡಗಿತು. ಉದ್ದ ಫೋರ್ಕನ್ನು ಹಳೆಯ ಚಾಸಿಗೆ ಹಾಗೇ ತೂರಿಸಿದರೆ ಬೈಕಿನ ಮೂತಿ ಆಕಾಶಕ್ಕೆ ಏಳುತ್ತದೆ. ಆದ್ದರಿಂದ ಹ್ಯಾಂಡಲ್ ತಿರುಗುವ ಕೊಳವೆಯನ್ನು, ಅಂದರೆ ಚಾಸಿಯ ಕತ್ತನ್ನು, ಕೊಯ್ದು ಹಿಂದಕ್ಕೆ ಒರಗಿಸಿ ಬೆಸೆದರು. ಬಾಬರ್‌ಗೂ ಚಾಪರ್‌ಗೂ ಇರುವ ನಿಜವಾದ ಗಡಿರೇಖೆ ಇದೇ. ಒಂದರಲ್ಲಿ ಪಾನಾ ಸಾಕಾಗಿತ್ತು. ಇನ್ನೊಂದಕ್ಕೆ ಗರಗಸ ಬೇಕಾಯಿತು.

ಈ ಶೈಲಿಯನ್ನು ಜಗತ್ತಿಗೆ ತೋರಿಸಿದ್ದು 1969ರ ‘ಈಸಿ ರೈಡರ್’ ಚಿತ್ರ. ಪೀಟರ್ ಫಾಂಡ ಓಡಿಸಿದ, ಟ್ಯಾಂಕಿನ ಮೇಲೆ ಅಮೆರಿಕದ ಧ್ವಜ ಬರೆದ ‘ಕ್ಯಾಪ್ಟನ್ ಅಮೆರಿಕ’ ಬೈಕು ಆ ಕಾಲದ ಒಂದು ಲಾಂಛನವೇ ಆಯಿತು. ಆದರೆ ಆ ಬೈಕೂ ಹೊಸದಲ್ಲ. ಪೊಲೀಸರು ಬಳಸಿ ಹರಾಜಿಗೆ ಹಾಕಿದ ಹಳೆಯ ಹಾರ್ಲೆಗಳನ್ನು ಕೊಂಡು ಚಿತ್ರಕ್ಕಾಗಿ ರೂಪಾಂತರಿಸಲಾಗಿತ್ತು. ಕಾನೂನು ಕಾಯುವವರ ವಾಹನ ಕಾನೂನಿಗೆ ಬೆನ್ನು ತಿರುಗಿಸಿದವರ ಗುರುತಾಗಿ ತೆರೆಯ ಮೇಲೆ ಬಂತು.

ಅಟ್ಲಾಂಟಿಕ್ ಸಾಗರದ ಈಚೆ ಬ್ರಿಟನ್ನಿನಲ್ಲಿ ತರುಣರ ಗುಂಗು ಬೇರೆ. ಅವರಿಗೆ ಬೇಕಾದದ್ದು ಗಂಟೆಗೆ ನೂರು ಮೈಲಿ ವೇಗ. ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ 1938ರಲ್ಲಿ ತೆರೆದ ಏಸ್ ಕೆಫೆಯಂಥ ಜಾಗಗಳು ಅವರ ಅಡ್ಡೆ. ಹ್ಯಾಂಡಲ್ ಕೆಳಕ್ಕೆ, ಕಾಲಿಡುವ ಪೆಡಲ್ ಹಿಂದಕ್ಕೆ, ಎದೆ ಟ್ಯಾಂಕಿನ ಮೇಲೆ. ಹೀಗೆ ಕೆಫೆ ರೇಸರ್ ಹುಟ್ಟಿತು. ಅದರ ಶ್ರೇಷ್ಠ ಮಾದರಿ ಎನಿಸಿದ ‘ಟ್ರೈಟನ್’ ಎರಡು ಕಂಪನಿಗಳ ಬೈಕುಗಳಿಂದ ಆದದ್ದು. ನಾರ್ಟನ್ ಕಂಪನಿಗಾಗಿ ಉತ್ತರ ಐರ್ಲೆಂಡಿನ ಮೆಕ್‌ಕ್ಯಾಂಡ್ಲೆಸ್ ಸೋದರರು ರೂಪಿಸಿದ, 1950ರಲ್ಲಿ ಪಂದ್ಯಕ್ಕಿಳಿದ ‘ಫೆದರ್‌ಬೆಡ್’ ಚಾಸಿ ತಿರುವುಗಳಲ್ಲಿ ಅಲುಗಾಡದೆ ನಿಲ್ಲುತ್ತಿತ್ತು. ಅದೇ ಕಾಲದಲ್ಲಿ 500 ಸಿ.ಸಿ. ರೇಸ್ ಕಾರು ಕಟ್ಟುವವರು ನಾರ್ಟನ್ ಬೈಕು ಕೊಂಡು ಎಂಜಿನ್ ಮಾತ್ರ ಇಟ್ಟುಕೊಂಡು ಚಾಸಿಯನ್ನು ಮಾರಿಬಿಡುತ್ತಿದ್ದರು. ಅನಾಥವಾದ ಆ ಚಾಸಿಗೆ ಟ್ರಯಂಫ್ ಎಂಜಿನ್ ಕೂರಿಸಿದರೆ ಟ್ರೈಟನ್ ಸಿದ್ಧ. ಒಬ್ಬರಿಗೆ ಬೇಡವಾದ ಅರ್ಧ ಇನ್ನೊಬ್ಬರ ಕನಸಿನ ಬೈಕಿಗೆ ಅಡಿಪಾಯವಾಯಿತು.

ಮೂರು ಶೈಲಿಗಳ ಲೆಕ್ಕ ಹೀಗಿದೆ: ಬಾಬರ್ ಚಾಸಿಯನ್ನು ಬಿಟ್ಟು ಉಳಿದದ್ದನ್ನು ಕಳೆಯಿತು, ಚಾಪರ್ ಚಾಸಿಯನ್ನೇ ಕೊಯ್ಯಿತು, ಕೆಫೆ ರೇಸರ್ ಒಳ್ಳೆಯ ಚಾಸಿಯನ್ನು ಹುಡುಕಿ ಹೊರಟಿತು. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಸುಲಭವೋ ಕಷ್ಟವೋ ಎಂಬುದು ಈ ಲೆಕ್ಕದಲ್ಲೇ ಅಡಗಿದೆ. ಬಾಬರನ್ನು ಚಾಪರ್ ಮಾಡುವುದು ಇಳಿಜಾರಿನಲ್ಲಿ ನಡೆದಂತೆ. ಚಾಪರನ್ನು ಬಾಬರ್ ಮಾಡುವುದು ಅದೇ ಇಳಿಜಾರನ್ನು ಹತ್ತಿ ಬಂದಂತೆ.

ಹಳೆಯ ಚಾಪರ್‌ಗಳ ಸಂತೆ

ಹತ್ತಿ ಬರುವ ಈ ಕೆಲಸಕ್ಕೆ ಅಮೆರಿಕದಲ್ಲಿ ಬೇಡಿಕೆ ಬರಲು ಒಂದು ಕಾರಣವಿತ್ತು. 2000ರ ದಶಕದ ಆರಂಭದಲ್ಲಿ ಚಾಪರ್ ಹುಚ್ಚು ಮತ್ತೊಮ್ಮೆ ಏರಿತು. ಡಿಸ್ಕವರಿ ವಾಹಿನಿಯಲ್ಲಿ 2003ರಿಂದ ಬಂದ ‘ಅಮೆರಿಕನ್ ಚಾಪರ್’ ಸರಣಿ ಅದಕ್ಕೆ ಗಾಳಿ ಹಾಕಿತು. ಟೆಕ್ಸಾಸ್‌ನ ಅಮೆರಿಕನ್ ಐರನ್‌ಹಾರ್ಸ್, ಕ್ಯಾನ್ಸಾಸ್‌ನ ಬಿಗ್ ಡಾಗ್‌ನಂಥ ಕಂಪನಿಗಳು ಉದ್ದ ಫೋರ್ಕಿನ, ಹಿಂದೆ ಕಾರಿನಷ್ಟು ಅಗಲದ ಟೈರಿನ ಬೈಕುಗಳನ್ನು ಕಾರ್ಖಾನೆಯಲ್ಲೇ ಮಾಡಿ ಮಾರಿದವು. 2008ರ ಆರ್ಥಿಕ ಕುಸಿತ ಎಲ್ಲಕ್ಕೂ ತಣ್ಣೀರು ಎರಚಿತು. ಅಮೆರಿಕನ್ ಐರನ್‌ಹಾರ್ಸ್ ಅದೇ ವರ್ಷ ಮುಚ್ಚಿತು, ಬಿಗ್ ಡಾಗ್ 2011ರಲ್ಲಿ ಉತ್ಪಾದನೆ ನಿಲ್ಲಿಸಿತು. ಸಾಲ ಮಾಡಿ ಕೊಂಡವರು ಮಾರಲು ಹೊರಟರು. ಒಳ್ಳೆಯ ಎಂಜಿನ್ ಇರುವ, ಆದರೆ ಯಾರಿಗೂ ಬೇಡವಾದ ರೂಪದ ಬೈಕುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು. ಅಗ್ಗಕ್ಕೆ ಕೊಂಡು ಬಾಬರ್ ಮಾಡಿಕೊಳ್ಳೋಣ ಎಂದವರಿಗೆ ಎದುರಾದದ್ದು ಆ ಕೊಯ್ದ ಕತ್ತು.

ಮೊದಲ ದಿನ ಪಾನಾ ಬೇಡ

ಅನುಭವಿಗಳು ಇಂಥ ಬೈಕು ಮನೆಗೆ ಬಂದ ಮೊದಲ ದಿನ ಪಾನಾ ಹಿಡಿಯುವುದಿಲ್ಲ, ಅಳತೆ ಪಟ್ಟಿ ಹಿಡಿಯುತ್ತಾರೆ. ಸಮತಟ್ಟಾದ ನೆಲದ ಮೇಲೆ ಬೈಕನ್ನು ನೆಟ್ಟಗೆ ನಿಲ್ಲಿಸಿ, ಹಿಂದಿನ ಟೈರಿನ ಎರಡೂ ಬದಿಯಿಂದ ಮುಂದಿನ ಟೈರಿನವರೆಗೆ ದಾರ ಎಳೆದು ನೋಡುತ್ತಾರೆ. ಎರಡು ಚಕ್ರಗಳು ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಚಾಸಿ ತಿರುಚಿರುವ ಸಾಧ್ಯತೆಯಿದೆ. ಚಾಸಿಯ ಮೇಲೆ ಕೊರೆದ ಸಂಖ್ಯೆಯೂ ದಾಖಲೆಯಲ್ಲಿರುವ ಸಂಖ್ಯೆಯೂ ಒಂದೇ ಆಗಿದೆಯೇ ಎಂಬುದನ್ನೂ ಆಗಲೇ ನೋಡಬೇಕು. ಬಣ್ಣ ಬಳಿದ ಮೇಲೆ ನೋಡುವ ವಿಷಯ ಅದಲ್ಲ.

ನಂತರ ಬಣ್ಣ ಕೆರೆಯಬೇಕು, ಅದರಲ್ಲೂ ಕತ್ತಿನ ಸುತ್ತ. 1970ರ ದಶಕದ ಚಾಪರ್‌ಗಳಲ್ಲಿ ಬೆಸುಗೆಯ ಗಂಟು ಕಾಣದಂತೆ ಪುಟ್ಟಿ ತುಂಬಿ, ಶಿಲ್ಪದಂತೆ ನಯಗೊಳಿಸಿ ಬಣ್ಣ ಹೊಡೆಯುವ ರೂಢಿಯಿತ್ತು. ಆ ನುಣುಪಿನ ಕೆಳಗೆ ಒಳ್ಳೆಯ ಬೆಸುಗೆಯೂ ಇರಬಹುದು, ಬಿರುಕೂ ಇರಬಹುದು. ಬಿರುಕು ಹುಡುಕಲು ಸರಳ ವಿಧಾನವೊಂದಿದೆ. ಶುಚಿ ಮಾಡಿದ ಲೋಹಕ್ಕೆ ಕೆಂಪು ಬಣ್ಣದ ತೆಳು ದ್ರವ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಬಿಳಿ ಪುಡಿಯ ಲೇಪ ಸಿಂಪಡಿಸುತ್ತಾರೆ. ಕಣ್ಣಿಗೆ ಕಾಣದ ಸೀಳಿನೊಳಗೆ ಇಳಿದಿದ್ದ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ.

ಇಷ್ಟಾದ ಮೇಲೆ ಪಟ್ಟಿ ಎರಡಾಗುತ್ತದೆ. ಒಂದು, ಬೋಲ್ಟಿನಿಂದ ಕೂತವು: ಹ್ಯಾಂಡಲ್, ಟ್ಯಾಂಕು, ಸೀಟು, ಸೈಲೆನ್ಸರ್, ದೀಪ, ಚಕ್ರಗಳು. ಇನ್ನೊಂದು, ಬೆಸುಗೆಯಿಂದ ಕೂತವು: ಕತ್ತು, ಹಿಂಭಾಗದ ತ್ರಿಕೋನ, ಟ್ಯಾಂಕಿನ ಮತ್ತು ಶಾಕ್‌ನ ಹಿಡಿಕೆಗಳು. ಮೊದಲ ಪಟ್ಟಿಗೆ ದುಡ್ಡು ಸಾಕು. ಎರಡನೆಯದಕ್ಕೆ ದುಡ್ಡಿನ ಜೊತೆ ತಿಳಿವಳಿಕೆ ಬೇಕು.

ಕತ್ತಿನ ಕೋನ

ಬೈಕು ನೇರವಾಗಿ ಓಡುವುದು ಸವಾರನ ತೋಳಿನ ಬಲದಿಂದಲ್ಲ. ಕಚೇರಿಯ ಉರುಳುಕುರ್ಚಿಯ ಚಕ್ರವನ್ನು ಗಮನಿಸಿದರೆ ವಿಷಯ ತಿಳಿಯುತ್ತದೆ. ಕುರ್ಚಿಯನ್ನು ಯಾವ ಕಡೆ ತಳ್ಳಿದರೂ ಚಕ್ರ ತಿರುಗಿ ತನ್ನ ಕೀಲಿನ ಹಿಂದೆ ಬರುತ್ತದೆ. ಬೈಕಿನ ಮುಂದಿನ ಚಕ್ರವೂ ಹಾಗೆಯೇ. ಚಾಸಿಯ ಕತ್ತು ಹಿಂದಕ್ಕೆ ಒರಗಿರುವ ಕೋನಕ್ಕೆ ‘ರೇಕ್’ ಎನ್ನುತ್ತಾರೆ. ಆ ಕತ್ತಿನ ಗೆರೆಯನ್ನು ಕೆಳಗೆ ನೆಲದವರೆಗೆ ಎಳೆದರೆ ಅದು ಮುಟ್ಟುವ ಜಾಗ ಟೈರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದಿರುತ್ತದೆ. ಈ ಎರಡು ಜಾಗಗಳ ನಡುವಿನ ಅಂತರವೇ ‘ಟ್ರೇಲ್’. ಬೈಕನ್ನು ನೇರ ದಾರಿಯಲ್ಲಿ ಹಿಡಿದಿಡುವುದು ಮುಖ್ಯವಾಗಿ ಈ ಬೆರಳಳತೆಯ ಅಂತರ. ಸಾಮಾನ್ಯ ರಸ್ತೆ ಬೈಕುಗಳಲ್ಲಿ ರೇಕ್ 24ರಿಂದ 30 ಡಿಗ್ರಿ, ಟ್ರೇಲ್ ಸುಮಾರು 10 ಸೆಂಟಿಮೀಟರ್ ಆಸುಪಾಸಿನಲ್ಲಿ ಇರುತ್ತದೆ.

ಚಕ್ರದ ನಡುವಿನಿಂದ ನೆಲಕ್ಕೆ 32 ಸೆಂ.ಮೀ. ಇರುವ, ಇರುಸು ಕತ್ತಿನ ಗೆರೆಗಿಂತ 6 ಸೆಂ.ಮೀ. ಮುಂದಿರುವ ಬೈಕನ್ನು ತೆಗೆದುಕೊಳ್ಳೋಣ. ರೇಕ್ 27 ಡಿಗ್ರಿ ಇದ್ದಾಗ ಟ್ರೇಲ್ 9.6 ಸೆಂ.ಮೀ. ಬರುತ್ತದೆ. ಬೇರೇನೂ ಬದಲಿಸದೆ ಕತ್ತನ್ನು 40 ಡಿಗ್ರಿಗೆ ಒರಗಿಸಿದರೆ ಅದು 19 ಸೆಂ.ಮೀ.ಗೆ ಏರುತ್ತದೆ. ಟ್ರೇಲ್ ಹೀಗೆ ಎರಡು ಪಟ್ಟಾದ ಬೈಕು ಹೆದ್ದಾರಿಯಲ್ಲಿ ಹಳಿಯ ಮೇಲಿನ ರೈಲಿನಂತೆ ಹೋಗುತ್ತದೆ. ಆದರೆ ಗಲ್ಲಿಯೊಳಗೆ ನಿಧಾನವಾಗಿ ತಿರುಗಿಸಿದರೆ ಹ್ಯಾಂಡಲ್ ತಾನಾಗಿ ಒಂದು ಕಡೆಗೆ ಬಿದ್ದುಬಿಡುತ್ತದೆ, ಅದನ್ನು ಎಳೆದು ನಿಲ್ಲಿಸಬೇಕು.

ಚಾಪರನ್ನು ಬಾಬರ್ ಮಾಡಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಮಾಡುವುದು ಉದ್ದ ಫೋರ್ಕು ತೆಗೆದು ಗಿಡ್ಡದ್ದು ಹಾಕುವುದು. ಮೂತಿ ಇಳಿದರೆ ಕತ್ತೂ ನೆಟ್ಟಗಾಗುತ್ತದಲ್ಲ ಎಂಬುದು ಅವರ ಲೆಕ್ಕ. ಆಗುವುದು ನಿಜ, ಆದರೆ ಎಷ್ಟು? ಎರಡು ಚಕ್ರಗಳ ನಡುವೆ 180 ಸೆಂ.ಮೀ. ಇರುವ ಚಾಪರ್‌ನ ಮುಂಭಾಗವನ್ನು 5 ಸೆಂ.ಮೀ. ಇಳಿಸಿದರೆ ಕತ್ತು ನೆಟ್ಟಗಾಗುವುದು ಸುಮಾರು ಒಂದೂವರೆ ಡಿಗ್ರಿ ಮಾತ್ರ. 40ರಿಂದ 27 ಡಿಗ್ರಿಗೆ ಹೀಗೆಯೇ ಬರಬೇಕೆಂದರೆ ಮುಂಭಾಗವನ್ನು 40 ಸೆಂ.ಮೀ.ಯಷ್ಟು ಇಳಿಸಬೇಕು. ಅಷ್ಟರಲ್ಲಿ ಎಂಜಿನ್ನಿನ ತಳ ರಸ್ತೆಗೆ ಉಜ್ಜುತ್ತಿರುತ್ತದೆ. ಕೊಯ್ದು ಒರಗಿಸಿದ ಕತ್ತನ್ನು ಕೊಯ್ದೇ ನೆಟ್ಟಗೆ ಮಾಡಬೇಕು, ಬೇರೆ ದಾರಿಯಿಲ್ಲ.

ಇನ್ನು ಕೆಲವರು ಫೋರ್ಕಿನ ಎರಡು ಕಾಲುಗಳನ್ನು ಹಿಡಿದಿರುವ ತಟ್ಟೆಗಳನ್ನು ಬದಲಿಸಿ ಕೋನ ಹೊಂದಿಸಲು ನೋಡುತ್ತಾರೆ. ಫೋರ್ಕನ್ನು ಕತ್ತಿಗಿಂತ ಹೆಚ್ಚು ಮುಂದಕ್ಕೆ ಚಾಚುವ ಇಂಥ ತಟ್ಟೆಗಳು ಟ್ರೇಲನ್ನು ಕಡಿಮೆ ಮಾಡುತ್ತವೆ. ಅತಿಯಾಗಿ ಒರಗಿದ ಕತ್ತಿಗೆ ಅವು ಔಷಧಿ. ಅದೇ ತಟ್ಟೆಗಳು ಸಾಮಾನ್ಯ ಕೋನದ ಕತ್ತಿಗೆ ವಿಷ. ಟ್ರೇಲ್ ತೀರ ಕಡಿಮೆಯಾದರೆ ವೇಗದಲ್ಲಿ ಹ್ಯಾಂಡಲ್ ಒದರತೊಡಗುತ್ತದೆ, ಸವಾರನನ್ನು ಎಸೆದುಬಿಡಲೂಬಹುದು. ಕತ್ತನ್ನು ಸರಿಪಡಿಸಿದ ಮೇಲೆ ಮೊದಲ ಮಾಲೀಕ ಹಾಕಿದ್ದ ತಟ್ಟೆಯನ್ನು ಹಾಗೇ ಉಳಿಸಿಕೊಂಡರೆ ಈ ಅಪಾಯ ತಪ್ಪಿದ್ದಲ್ಲ.

ಕತ್ತನ್ನು ಬೆಸೆಯುವುದೂ ಕಿಟಕಿಯ ಸರಳು ಬೆಸೆದಂತಲ್ಲ. ಚಾಸಿಯನ್ನು ಅಲುಗದಂತೆ ಗಟ್ಟಿ ಚೌಕಟ್ಟಿನಲ್ಲಿ ಬಂಧಿಸಬೇಕು, ಏಕೆಂದರೆ ಬೆಸುಗೆ ಆರುವಾಗ ಕುಗ್ಗಿ ಲೋಹವನ್ನು ತನ್ನತ್ತ ಎಳೆಯುತ್ತದೆ. ಕತ್ತು ಪಕ್ಕಕ್ಕೆ ಒಂದೇ ಒಂದು ಡಿಗ್ರಿ ವಾಲಿದರೂ 70 ಸೆಂ.ಮೀ. ಕೆಳಗಿನ ಇರುಸಿನ ಹತ್ತಿರ ಅದು 12 ಮಿಲಿಮೀಟರ್ ಆಗಿರುತ್ತದೆ. ಕೊಳವೆಗಳನ್ನು ತುದಿಗೆ ತುದಿ ತಾಗಿಸಿ ಬೆಸೆಯದೆ, ಒಳಗೆ ಬಿಗಿಯಾಗಿ ಕೂರುವ ಇನ್ನೊಂದು ಕೊಳವೆ ತೂರಿಸಿ ಬೆಸೆಯಬೇಕು. ಒಮ್ಮೆ ಕೊಯ್ದು ಬೆಸೆದ ಜಾಗವನ್ನೇ ಮತ್ತೆ ಕೊಯ್ಯುವುದಕ್ಕಿಂತ ಹಳೆಯ ಬೆಸುಗೆಯಿಂದಾಚೆಗೆ ಲೋಹ ಗಟ್ಟಿಯಿರುವಲ್ಲಿ ಕತ್ತರಿಸುವುದು ಒಳಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಗೆ ಚಾಸಿಯ ಕತ್ತನ್ನೂ ಸೇರಿಸಬಹುದು. ಅಮೆರಿಕದಲ್ಲಿ ಅನೇಕ ಕಸುಬುದಾರರು ಈ ಗೋಜಿಗೇ ಹೋಗದೆ ಸರಿಯಾದ ಕೋನದ ಬೇರೆ ಚಾಸಿಯನ್ನೇ ಕೊಂಡು ಎಂಜಿನ್ ಮಾತ್ರ ಎತ್ತಿಡುತ್ತಾರೆ. ಅದು ಸೋಲಲ್ಲ, ವಿವೇಕ.

ಹಿಂಭಾಗ, ಬ್ರೇಕು, ಟೈರು

ಹಿಂಭಾಗದ ಸಮಸ್ಯೆ ಇನ್ನೊಂದು ಬಗೆಯದು. ಶಾಕ್ ತೆಗೆದು ಗಟ್ಟಿ ತ್ರಿಕೋನ ಬೆಸೆದಿದ್ದರೆ ಬಾಬರ್‌ಗೆ ಅದು ಸಲ್ಲುತ್ತದೆ, ಕೆಫೆ ರೇಸರ್‌ಗೆ ಸಲ್ಲುವುದಿಲ್ಲ. ತಿರುವಿನಲ್ಲಿ ಬಾಗಿ ಹೋಗುವಾಗ ರಸ್ತೆಯ ಉಬ್ಬು ಸಿಕ್ಕರೆ ಶಾಕ್ ಇಲ್ಲದ ಚಕ್ರ ನೆಲ ಬಿಟ್ಟು ಹಾರುತ್ತದೆ. ಶಾಕನ್ನು ಮರಳಿ ತರಬೇಕೆಂದರೆ ಹಿಂದಿನ ಚಕ್ರದ ತೋಳು ತಿರುಗುವ ಕೀಲು, ಮೇಲಿನ ಹಿಡಿಕೆಗಳು ಎಲ್ಲವನ್ನೂ ಹೊಸದಾಗಿ ಕಟ್ಟಬೇಕು. ಚಾಪರ್‌ನಿಂದ ಕೆಫೆ ರೇಸರ್‌ಗೆ ಹೋಗುವ ದಾರಿ ಎಲ್ಲಕ್ಕಿಂತ ದುರ್ಗಮ ಎನ್ನುವುದು ಇದಕ್ಕೇ. ಅಲ್ಲಿ ಉಳಿಯುವುದು ಬಹುತೇಕ ಎಂಜಿನ್ ಒಂದೇ.

ಬ್ರೇಕಿನ ವಿಷಯದಲ್ಲಿ ಅನೇಕರು ಎಡವುತ್ತಾರೆ. ಬ್ರೇಕು ಹಿಡಿದಾಗ ಭಾರ ಮುಂದಕ್ಕೆ ಜಾರುತ್ತದೆ. ಎಷ್ಟು ಜಾರುತ್ತದೆ ಎಂಬುದು ಬೈಕಿನ ಎತ್ತರ ಮತ್ತು ಉದ್ದದ ಮೇಲೆ ನಿಂತಿದೆ. ಉದ್ದವಾದ, ತಗ್ಗಾದ ಚಾಪರ್‌ನಲ್ಲಿ ಒಟ್ಟು ಭಾರದ ಐದನೇ ಒಂದು ಪಾಲು ಮುಂದಕ್ಕೆ ಹೋಗುವಷ್ಟು ಜೋರಾಗಿ ಬ್ರೇಕು ಹಿಡಿದರೆ, ಅಷ್ಟೇ ಜೋರಿಗೆ ಗಿಡ್ಡ ಬೈಕಿನಲ್ಲಿ ಮೂರನೇ ಒಂದರ ಹತ್ತಿರ ಹೋಗುತ್ತದೆ. ಅರವತ್ತರ ದಶಕದ ಚಾಪರ್‌ಗಳಲ್ಲಿ ಚೆಂದಕ್ಕೆಂದು ಮುಂದಿನ ಬ್ರೇಕನ್ನೇ ತೆಗೆದುಬಿಡುತ್ತಿದ್ದುದುಂಟು. ಬೈಕನ್ನು ಗಿಡ್ಡ ಮಾಡಿ ಮುಂದಿನ ಬ್ರೇಕನ್ನು ಹಳೆಯ ಸ್ಥಿತಿಯಲ್ಲೇ ಬಿಟ್ಟರೆ ನಿಲ್ಲಿಸುವ ಕೆಲಸದ ಬಹುಪಾಲು ಮಾಡಬೇಕಾದ ಚಕ್ರಕ್ಕೆ ಕೈಯೇ ಇಲ್ಲದಂತಾಗುತ್ತದೆ.

ಟೈರೂ ಅಷ್ಟೇ. ಚಾಪರ್‌ನ ಮುಂದೆ ಸಪೂರವಾದ 21 ಇಂಚಿನ ಚಕ್ರ, ಬಾಬರ್‌ಗೆ ದಪ್ಪನೆಯ 16 ಇಂಚಿನದು. ಚಕ್ರದ ಎತ್ತರ ಬದಲಾದರೆ ಟ್ರೇಲೂ ಬದಲಾಗುತ್ತದೆ, ಆದ್ದರಿಂದ ಚಕ್ರ ಯಾವುದೆಂದು ನಿಶ್ಚಯಿಸಿದ ಮೇಲೆಯೇ ಕತ್ತಿಗೆ ಕೈ ಹಾಕಬೇಕು. ಹಿಂದಿನ ಅತಿ ಅಗಲದ ಟೈರು ತೆಗೆದರೆ ಚೈನು ಅಥವಾ ಬೆಲ್ಟಿನ ಗೆರೆ ತಪ್ಪುತ್ತದೆ. ಒಂದನ್ನು ಮುಟ್ಟಿದರೆ ಮೂರು ಅಲುಗುತ್ತವೆ. ಎಲ್ಲ ಮುಗಿದ ಮೇಲೆ ಮೊದಲ ಸವಾರಿ ಖಾಲಿ ಮೈದಾನದಲ್ಲಿ, ನಡಿಗೆಯ ವೇಗದಲ್ಲಿ ಆಗಬೇಕು.

ಕಾರ್ಖಾನೆಗಳೂ ಇದನ್ನು ಕಂಡು ಕಲಿತಿವೆ. ಹಾರ್ಲೆ ಕಂಪನಿ 1971ರಲ್ಲೇ ‘ಸೂಪರ್ ಗ್ಲೈಡ್’ ಎಂಬ ಬೈಕಿನಲ್ಲಿ ಗ್ಯಾರೇಜುಗಳ ರೂಪವನ್ನು ಅನುಸರಿಸಿತು. 1984ರ ‘ಸಾಫ್ಟೇಲ್’ ನೋಡಲು ಶಾಕ್ ಇಲ್ಲದ ಹಳೆಯ ಬೈಕಿನಂತಿದ್ದು, ಶಾಕನ್ನು ಕಣ್ಣಿಗೆ ಕಾಣದಂತೆ ಹೊಟ್ಟೆಯ ಕೆಳಗೆ ಅಡಗಿಸಿತು. ಜನ ಚಾಸಿ ಕತ್ತರಿಸಿ ಪಡೆಯುತ್ತಿದ್ದ ನೋಟವನ್ನು ಕತ್ತರಿಸದೆ ಕೊಟ್ಟ ಉಪಾಯ ಅದು.

ಕಾನೂನು ಏನು ಹೇಳುತ್ತದೆ?

ಜರ್ಮನಿಯಲ್ಲಿ ಬದಲಿಸಿದ ಭಾಗಕ್ಕೆ ಪ್ರತ್ಯೇಕ ಮಂಜೂರಾತಿ ಇರಬೇಕು, ಇಲ್ಲವೇ ಅದನ್ನು ತಾಂತ್ರಿಕ ತಜ್ಞರು ಪರೀಕ್ಷಿಸಿ ವಾಹನದ ದಾಖಲೆಯಲ್ಲಿ ನಮೂದಿಸಬೇಕು. ಕಷ್ಟದ ದಾರಿಯಾದರೂ ಅದೊಂದು ದಾರಿ. ಭಾರತದಲ್ಲಿ ಆ ದಾರಿ ಬಹಳ ಕಿರಿದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಭಿನ್ನವಾಗುವಂತೆ ಮಾಲೀಕ ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮು, ಅನುಮತಿಯಿಲ್ಲದ ಬದಲಾವಣೆಗೆ ಆರು ತಿಂಗಳವರೆಗಿನ ಸೆರೆ, ಅಥವಾ ಪ್ರತಿ ಬದಲಾವಣೆಗೆ 5 ಸಾವಿರ ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಅನುಮೋದಿತ ಇಂಧನ ಕಿಟ್, ಅಂಗವಿಕಲರಿಗಾಗಿ ಮಾಡುವ ಮಾರ್ಪಾಡಿನಂಥ ಕೆಲವಕ್ಕೆ ಮಾತ್ರ ಅವಕಾಶವಿದೆ.

ಮಾರ್ಪಡಿಸಿದ ಬೈಕನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಳ್ಳುವವರು ಮರೆಯುವ ಸಂಗತಿ ಇದು. ಕತ್ತರಿಸಿದವನು ಮೊದಲ ಮಾಲೀಕನೇ ಆದರೂ ರಸ್ತೆಯಲ್ಲಿ ಪೊಲೀಸರು ತಡೆದಾಗ ಉತ್ತರ ಹೇಳಬೇಕಾದವನು ಈಗಿನ ಮಾಲೀಕ. ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯುವುದೂ ಅವನ ಮೇಲೆಯೇ. ಕಟ್ಟಿ ಪ್ರದರ್ಶನಕ್ಕಿಡುವ ಬೈಕಿನ ಮಾತು ಬೇರೆ, ದಿನವೂ ಓಡಿಸುವುದರ ಮಾತು ಬೇರೆ. ಈ ರೂಪ ಬೇಕು, ತಂಟೆ ಬೇಡ ಎನ್ನುವವರಿಗೆ ಈಗ ಕಾರ್ಖಾನೆಯಿಂದಲೇ ಬರುವ ಬೈಕುಗಳಿವೆ. ರಾಯಲ್ ಎನ್‌ಫೀಲ್ಡ್ 2013ರಲ್ಲಿ ಕೆಫೆ ರೇಸರ್ ಶೈಲಿಯ ಕಾಂಟಿನೆಂಟಲ್ ಜಿಟಿ ತಂದಿತು, 2024ರಲ್ಲಿ ಬಾಬರ್ ಶೈಲಿಯ ಗೋವನ್ ಕ್ಲಾಸಿಕ್ ತಂದಿತು. ಹೊಸ ಜಾವಾ ಕಂಪನಿಯ ಪೆರಾಕ್ 2019ರಲ್ಲಿ ಬಾಬರ್ ಆಗಿಯೇ ಮಾರುಕಟ್ಟೆಗೆ ಬಂತು.

ಮೈಸೂರಿನ ಚಾಸಿಗಳು

ಜಾವಾ ಹೆಸರು ಬಂದ ಮೇಲೆ ಮೈಸೂರನ್ನು ನೆನೆಯದೆ ಇರಲಾಗದು. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಬೈಕುಗಳನ್ನೂ 1973ರಿಂದ ಯೆಜ್ಡಿ ಬೈಕುಗಳನ್ನೂ ತಯಾರಿಸಿ 1996ರಲ್ಲಿ ಬಾಗಿಲು ಹಾಕಿತು. ಅಮೆರಿಕದಲ್ಲಿ ಚಾಸಿ ಹಾಳಾದರೆ ಹೊಸದು ಕೊಳ್ಳಬಹುದು. ಮೈಸೂರಿನ ಚಾಸಿಗೆ ಆ ಭಾಗ್ಯವಿಲ್ಲ. ಹಳೆಯ ಯೆಜ್ಡಿಯೊಂದರ ಕತ್ತಿಗೋ ಹಿಂಭಾಗಕ್ಕೋ ಗರಗಸ ಬಿದ್ದರೆ ಆ ಕಾರ್ಖಾನೆಯ ಒಂದು ಚಾಸಿ ಲೆಕ್ಕದಿಂದ ಕಳೆದಂತೆಯೇ. ಮಡ್‌ಗಾರ್ಡು, ಸೀಟು, ಹ್ಯಾಂಡಲ್‌ಗಳನ್ನು ಬಿಚ್ಚಿ ಜೋಪಾನವಾಗಿ ಇಟ್ಟರೆ ಮುಂದೊಂದು ದಿನ ಮಗನೋ ಮೊಮ್ಮಗಳೋ ಮತ್ತೆ ಜೋಡಿಸಿಕೊಳ್ಳಬಹುದು. ಎಂಬತ್ತು ವರ್ಷಗಳ ಹಿಂದೆ ಬಾಬರ್ ಮಾಡಿದವರ ದಾರಿ ಇಲ್ಲಿಗೆ ಇಂದಿಗೂ ಹೊಂದುತ್ತದೆ.

ಕೊನೆಗೆ ಈಸಿ ರೈಡರ್‌ನ ಬೈಕುಗಳ ಗತಿ ಏನಾಯಿತು? ಕಟ್ಟಿದ್ದು ನಾಲ್ಕು. ಚಿತ್ರ ಮುಗಿಯುವ ಮೊದಲೇ ಮೂರು ಕಳವಾದವು. ಉಳಿದ ಒಂದು ಅಂತಿಮ ದೃಶ್ಯದಲ್ಲಿ ಜಖಂಗೊಂಡಿತು. ಅದನ್ನು ಮತ್ತೆ ಕಟ್ಟಲಾಯಿತು ಎನ್ನಲಾದ ಬೈಕೊಂದು 2014ರಲ್ಲಿ 13.5 ಲಕ್ಷ ಡಾಲರಿಗೆ ಹರಾಜಾಯಿತು, ಅಸಲಿ ಯಾವುದು ಎಂಬ ವಿವಾದವೂ ಜೊತೆಗೇ ಬಂತು. ಆ ಬೈಕುಗಳನ್ನು ರೂಪಿಸಿದವರು ಕ್ಲಿಫ್ ವಾನ್ ಮತ್ತು ಬೆನ್ ಹಾರ್ಡಿ ಎಂಬ ಇಬ್ಬರು ಕಪ್ಪು ಅಮೆರಿಕನ್ನರು. ಚಿತ್ರದ ಹೆಸರುಪಟ್ಟಿಯಲ್ಲಿ ಅವರಿಬ್ಬರೂ ಇರಲಿಲ್ಲ. ಅವರ ಕೆಲಸಕ್ಕೆ ಸಾರ್ವಜನಿಕ ಮನ್ನಣೆ ಸಿಕ್ಕಿದ್ದು ಎಷ್ಟೋ ದಶಕಗಳ ನಂತರ. ಹಾರ್ಡಿ 1994ರಲ್ಲಿ, ವಾನ್ 2016ರಲ್ಲಿ ತೀರಿಕೊಂಡರು.

ಮಾರ್ಪಡಿಸಿದ ಹಳೆಯ ಬೈಕು ಕೊಳ್ಳುವಾಗಲೂ ಹೀಗೆಯೇ. ಮಾರುವವರ ಹೆಸರು ದಾಖಲೆಯಲ್ಲಿ ಇರುತ್ತದೆ, ಕತ್ತು ಕೊಯ್ದು ಬೆಸೆದವರ ಹೆಸರು ಎಲ್ಲೂ ಇರುವುದಿಲ್ಲ. ಆದರೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಸವಾರನ ಜೀವ ನಿಂತಿರುವುದು ಆ ಹೆಸರಿಲ್ಲದವನ ಕೈಕೆಲಸದ ಮೇಲೆ. ಹಣ ಎಣಿಸುವ ಮುನ್ನ ಬಣ್ಣ ಕೆರೆದು ಆ ಬೆಸುಗೆಯನ್ನೊಮ್ಮೆ ನೋಡಬೇಕಾದದ್ದು ಇದಕ್ಕಾಗಿ.